ಕೀಲಿಯು ಕಾರಿನೊಳಗೆ ಉಳಿದು ಬಾಗಿಲು ಮುಚ್ಚಿಕೊಂಡಾಗ: ಗಾಣಗಾಪುರಕ್ಕೆ ಬರುವ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವು ಶ್ರೀ ದತ್ತಾತ್ರೇಯ ಕ್ಷೇತ್ರವಾಗಿದ್ದು, ಕರ್ನಾಟಕ ಹಾಗೂ ಮಹಾರಾಷ್ಟ್ರದ ನಾನಾ ಭಾಗಗಳಿಂದ ಭಕ್ತಾದಿಗಳು ವರ್ಷವಿಡೀ ಇಲ್ಲಿಗೆ ಆಗಮಿಸುತ್ತಾರೆ. ಗುರುವಾರ, ಹುಣ್ಣಿಮೆ, ಗುರುಪೂರ್ಣಿಮೆ ಹಾಗೂ ದತ್ತ ಜಯಂತಿಯ ದಿನಗಳಂದು ಖಾಸಗಿ ವಾಹನಗಳ ಸಂಖ್ಯೆಯು ಅಧಿಕವಾಗಿರುತ್ತದೆ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದಲ್ಲಿ ಸ್ನಾನ, ದೇವಸ್ಥಾನದಲ್ಲಿ ಪಾದುಕೆಗಳ ದರ್ಶನ ಹಾಗೂ ಮಧ್ಯಾಹ್ನದ ಮಧುಕರಿ ಇವು ಇಲ್ಲಿನ ವಾಡಿಕೆ. ಈ ಪ್ರತಿಯೊಂದು ಸಂದರ್ಭದಲ್ಲಿಯೂ ಬಟ್ಟೆ, ಪಾದರಕ್ಷೆ, ಹಣದ ಚೀಲ ಹಾಗೂ ಮೊಬೈಲ್ ದೂರವಾಣಿಯನ್ನು ಕಾರಿನಲ್ಲಿರಿಸಿ ಹೋಗುವುದು ಸಾಮಾನ್ಯವಾಗಿದ್ದು, ಆ ಅವಸರದಲ್ಲಿ ಕೀಲಿಯೂ ಒಳಗೆ ಉಳಿದು ಬಾಗಿಲುಗಳು ಮುಚ್ಚಿಕೊಳ್ಳುವ ಸಾಧ್ಯತೆ ಇರುತ್ತದೆ.

ಇಂತಹ ಸಂದರ್ಭದಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಯಾರನ್ನು ಸಂಪರ್ಕಿಸಬೇಕು ಹಾಗೂ ಯಾವ ದಾಖಲೆಗಳು ಬೇಕಾಗುತ್ತವೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಪುಟದಲ್ಲಿ ನೀಡಲಾಗಿದೆ. ಬಾಗಿಲು ತೆರೆಸುವುದಕ್ಕಾಗಿ ಯಾವುದೇ ಸರ್ಕಾರಿ ಕಚೇರಿಯಲ್ಲಿ ಅರ್ಜಿ ನಮೂನೆ ಇರುವುದಿಲ್ಲ. ಆದರೆ ಒಳಗೆ ಮಗುವಾಗಲಿ, ಅಶಕ್ತ ವ್ಯಕ್ತಿಯಾಗಲಿ ಸಿಲುಕಿದ್ದಲ್ಲಿ ಅದು ಕೇವಲ ಕೀಲಿಯ ವಿಷಯವಾಗಿರದೆ ಜೀವರಕ್ಷಣೆಯ ವಿಷಯವಾಗುತ್ತದೆ. ಆದ್ದರಿಂದ ಆ ಭಾಗವನ್ನು ಮೊದಲು ವಿವರಿಸಲಾಗಿದೆ.

2. ಒಳಗೆ ಯಾರಾದರೂ ಇದ್ದಲ್ಲಿ

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್ ಹಾಗೂ ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬಿಸಿಲಿನಲ್ಲಿ ನಿಂತ ಕಾರಿನ ಗಾಜುಗಳು ಬೆಳಕನ್ನು ಒಳಗೆ ಬಿಡುತ್ತವೆ. ಆಸನಗಳು ಕಾಯ್ದು, ಆ ಶಾಖವು ಒಳಗೇ ಉಳಿಯುತ್ತದೆ. ಮುಚ್ಚಿದ ಕಾರಿನ ಒಳಗಿನ ಉಷ್ಣಾಂಶವು ಮೊದಲ 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿಯಷ್ಟು ಹಾಗೂ ಒಂದು ಗಂಟೆಯಲ್ಲಿ ಸುಮಾರು 20 ಡಿಗ್ರಿಗಿಂತಲೂ ಹೆಚ್ಚು ಏರುತ್ತದೆ. ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗುತ್ತದೆ. ಗಾಜನ್ನು ಒಂದೆರಡು ಬೆರಳಿನಷ್ಟು ಇಳಿಸಿದ್ದರೂ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಚಿಕ್ಕ ಮಕ್ಕಳ ದೇಹವು ವಯಸ್ಕರ ದೇಹಕ್ಕಿಂತ ಮೂರರಿಂದ ಐದು ಪಟ್ಟು ವೇಗವಾಗಿ ಬಿಸಿಯಾಗುತ್ತದೆ. ಚಳಿಗಾಲದ ಹಿತವಾದ ಬಿಸಿಲಿನಲ್ಲಿಯೂ ಈ ಅಪಾಯ ಇದ್ದೇ ಇರುತ್ತದೆ.

2017ರ ಜೂನ್ ತಿಂಗಳಿನಲ್ಲಿ ಹರಿಯಾಣದ ಗುರುಗ್ರಾಮ ಜಿಲ್ಲೆಯ ಪಟೌಡಿ ಬಳಿ ಐದು ವರ್ಷದ ಅವಳಿ ಬಾಲಕಿಯರು ನಿಂತ ಕಾರಿನಲ್ಲಿ ಸಿಲುಕಿ ಮೃತಪಟ್ಟರು. 2025ರ ಮೇ ತಿಂಗಳಿನಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ದ್ವಾರಪುಡಿ ಗ್ರಾಮದಲ್ಲಿ ಆಟವಾಡುತ್ತಾ ಕಾರಿನೊಳಗೆ ಸೇರಿದ ನಾಲ್ಕು ಮಕ್ಕಳು ಇದೇ ರೀತಿ ಪ್ರಾಣ ಕಳೆದುಕೊಂಡರು. ಮನೆಯ ಮುಂದೆ, ಹಳ್ಳಿಯ ಬಯಲಿನಲ್ಲಿ ನಿಂತ ಕಾರಿನಲ್ಲಿಯೂ ಹೀಗಾಗಬಹುದು ಎಂಬುದನ್ನು ಪ್ರತಿಯೊಬ್ಬರೂ ಗಮನದಲ್ಲಿಟ್ಟುಕೊಳ್ಳತಕ್ಕದ್ದು.

ಒಳಗೆ ಮಗು, ವಯೋವೃದ್ಧರು ಅಥವಾ ಅಸ್ವಸ್ಥರು ಇದ್ದಲ್ಲಿ ಈ ಕೆಳಕಂಡ ಕ್ರಮವನ್ನು ಅನುಸರಿಸುವುದು:

ಅ) ಸಮಯವನ್ನು ಗಮನಿಸಿ, ಕೂಡಲೇ 112 ಸಂಖ್ಯೆಗೆ ಕರೆ ಮಾಡುವುದು. ತಮ್ಮ ದೂರವಾಣಿ ಕಾರಿನಲ್ಲಿ ಉಳಿದಿದ್ದಲ್ಲಿ ಸಮೀಪದವರ ದೂರವಾಣಿಯಿಂದ ಕರೆ ಮಾಡಿಸುವುದು. ಸಂಗಮವೋ, ದೇವಸ್ಥಾನದ ಪರಿಸರವೋ, ಯಾವ ಛತ್ರದ ಎದುರು ಎಂಬುದನ್ನು ಸ್ಪಷ್ಟವಾಗಿ ತಿಳಿಸುವುದು. ಸಂಗಮ ಹಾಗೂ ದೇವಸ್ಥಾನಗಳ ನಡುವೆ ಅಂತರವಿರುವುದರಿಂದ ಗಾಣಗಾಪುರ ಎಂದಷ್ಟೇ ಹೇಳುವುದು ಸಾಲದು.

ಆ) ಒಳಗಿರುವ ಮಗು ಎಚ್ಚರವಾಗಿದ್ದು, ಮಾತು ತಿಳಿಯುವ ವಯಸ್ಸಿನದಾಗಿದ್ದಲ್ಲಿ, ಗಾಜಿನ ಹೊರಗಿನಿಂದ ಸಮಾಧಾನದಿಂದ ಸನ್ನೆ ಮಾಡಿ ಒಳಗಿನ ಹಿಡಿಕೆಯನ್ನು ಎಳೆಯಲು ಅಥವಾ ರಿಮೋಟ್ ಕೀಲಿಯ ಗುಂಡಿಯನ್ನು ಒತ್ತಲು ತಿಳಿಸುವುದು. ಹಿಂದಿನ ಬಾಗಿಲುಗಳಿಗೆ ಮಕ್ಕಳ ಸುರಕ್ಷತಾ ಚಿಲಕ ಹಾಕಿದ್ದಲ್ಲಿ ಅವು ಒಳಗಿನಿಂದ ತೆರೆಯುವುದಿಲ್ಲ. ಆಗ ಮಗುವನ್ನು ಮುಂದಿನ ಆಸನಕ್ಕೆ ಬರುವಂತೆ ಸೂಚಿಸುವುದು.

ಇ) ಎಲ್ಲಾ ಬಾಗಿಲುಗಳನ್ನು ಹಾಗೂ ಡಿಕ್ಕಿಯನ್ನು ಒಮ್ಮೆ ಎಳೆದು ನೋಡುವುದು.

ಈ) ಮಗು ಅಳು ನಿಲ್ಲಿಸಿ ಮಂಕಾಗಿದ್ದಲ್ಲಿ, ಮುಖ ಕೆಂಪೇರಿದ್ದಲ್ಲಿ, ವಾಂತಿ ಮಾಡಿದ್ದಲ್ಲಿ, ತೂಕಡಿಸುತ್ತಿದ್ದಲ್ಲಿ ಅಥವಾ ಕರೆಗೆ ಪ್ರತಿಕ್ರಿಯಿಸದೇ ಇದ್ದಲ್ಲಿ ಯಾರಿಗೂ ಕಾಯದೆ ಗಾಜನ್ನು ಒಡೆಯುವುದು. ಕಾರು ಬಿಸಿಲಿನಲ್ಲಿದ್ದು, ಒಳಗಿರುವುದು ಕೈಗೂಸಾಗಿದ್ದಲ್ಲಿ ಈ ಲಕ್ಷಣಗಳು ಕಾಣುವವರೆಗೂ ಕಾಯತಕ್ಕದ್ದಲ್ಲ.

ಎಂಜಿನ್ ಚಾಲನೆಯಲ್ಲಿದ್ದು ತಂಪು ಯಂತ್ರವು ಕೆಲಸ ಮಾಡುತ್ತಿದೆ ಎಂಬ ಕಾರಣಕ್ಕೆ ನಿಶ್ಚಿಂತರಾಗಿರಬಾರದು. ಯಾವುದೇ ಕ್ಷಣದಲ್ಲಿ ಎಂಜಿನ್ ನಿಂತು ಹೋಗಬಹುದು. ಮಗುವಿನ ಕೈ ಗೇರಿಗೆ ತಗುಲಬಹುದು.

3. ಗಾಜನ್ನು ಒಡೆಯುವ ವಿಧಾನ

ಕಾರಿನ ಮುಂಗಾಜು ಎರಡು ಪದರಗಳ ನಡುವೆ ಅಂಟು ಹಾಳೆಯಿರುವ ಗಾಜಾಗಿದ್ದು, ಬಿರುಕು ಬಿಟ್ಟರೂ ಸುಲಭವಾಗಿ ಉದುರುವುದಿಲ್ಲ. ಆದ್ದರಿಂದ ಅದರ ಮೇಲೆ ಶ್ರಮ ವ್ಯಯಿಸಬಾರದು. ಪಕ್ಕದ ಬಾಗಿಲುಗಳ ಗಾಜು ಸಾಮಾನ್ಯವಾಗಿ ಗಟ್ಟಿಗೊಳಿಸಿದ ಗಾಜಾಗಿದ್ದು, ಒಡೆದಾಗ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ.

ಮಗು ಕುಳಿತಿರುವ ಸ್ಥಳದಿಂದ ಅತಿ ದೂರದಲ್ಲಿರುವ ಪಕ್ಕದ ಗಾಜನ್ನು ಆರಿಸಿಕೊಳ್ಳುವುದು. ಗಾಜಿನ ನಡುಭಾಗಕ್ಕೆ ಹೊಡೆಯದೆ ಕೆಳಗಿನ ಮೂಲೆಯ ಬಳಿ ಹೊಡೆಯುವುದು. ಅಗಲವಾದ ಕಲ್ಲಿಗಿಂತ ಮೊನಚಾದ, ಗಟ್ಟಿಯಾದ ಕಬ್ಬಿಣದ ವಸ್ತುವು ಪರಿಣಾಮಕಾರಿ: ಸುತ್ತಿಗೆ, ಪಾನಾ, ಜಾಕಿಯ ಕಂಬಿ ಅಥವಾ ತೆಂಗಿನಕಾಯಿ ಅಂಗಡಿಯವರಲ್ಲಿ ದೊರೆಯುವ ಕಬ್ಬಿಣದ ಸಲಕರಣೆ ಸಾಕಾಗುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಹೊಡೆಯುವುದು. ಗಾಜಿಗೆ ಹಾಳೆ ಅಂಟಿಸಿದ್ದಲ್ಲಿ ಅದು ಒಡೆದ ಮೇಲೂ ಜೋತಾಡುತ್ತದೆ. ಅದನ್ನು ಒಳಕ್ಕೆ ತಳ್ಳುವುದು. ನಂತರ ಒಳಗಿನ ಹಿಡಿಕೆಯಿಂದ ಬಾಗಿಲನ್ನು ತೆರೆದು ಮಗುವನ್ನು ಬಾಗಿಲಿನ ಮೂಲಕವೇ ಹೊರತೆಗೆಯುವುದು. ಒಡೆದ ಗಾಜಿನ ಕಿಂಡಿಯಿಂದ ಎಳೆಯಬಾರದು.

ಹೊರತೆಗೆದ ಮಗುವನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಸಿಂಪಡಿಸಿ ಗಾಳಿ ಬೀಸುವುದು. ಒದ್ದೆ ಬಟ್ಟೆಯನ್ನು ಕತ್ತು, ಕಂಕುಳು ಹಾಗೂ ತೊಡೆಸಂದಿನಲ್ಲಿ ಇಡುವುದು. ಪೂರ್ಣ ಎಚ್ಚರವಿದ್ದಲ್ಲಿ ಮಾತ್ರ ಗುಟುಕು ಗುಟುಕಾಗಿ ನೀರು ಕೊಡುವುದು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ತೀರ್ಥ ಅಥವಾ ಬೇರೆ ಯಾವುದನ್ನೂ ಹಾಕಬಾರದು. 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸುವುದು. ಮಗು ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಂದ ತಪಾಸಣೆ ಮಾಡಿಸತಕ್ಕದ್ದು.

4. ಬೇರೆಯವರ ಕಾರಿನ ಗಾಜನ್ನು ಒಡೆಯಬಹುದೇ?

ಮಾಲೀಕರು ಸ್ಥಳದಲ್ಲಿಲ್ಲದೆ ಮಗು ಮಾತ್ರ ಒಳಗಿರುವುದನ್ನು ಕಂಡ ದಾರಿಹೋಕರು ಕಾನೂನಿನ ಭಯದಿಂದ ಹಿಂದೆ ಸರಿಯಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 19ನೇ ಪ್ರಕರಣದ ಪ್ರಕಾರ, ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ, ವ್ಯಕ್ತಿ ಅಥವಾ ಸ್ವತ್ತಿಗೆ ಆಗಬಹುದಾದ ಬೇರೊಂದು ಹಾನಿಯನ್ನು ತಪ್ಪಿಸುವ ಸಲುವಾಗಿ ಮಾಡಿದ ಕಾರ್ಯವು, ಅದರಿಂದ ಹಾನಿಯಾಗುವ ಸಂಭವವಿದೆ ಎಂಬ ಅರಿವಿನಿಂದ ಮಾಡಲ್ಪಟ್ಟಿದೆ ಎಂಬ ಕಾರಣಕ್ಕಷ್ಟೇ ಅಪರಾಧವಾಗುವುದಿಲ್ಲ. ಇದು ಹಿಂದಿನ ಭಾರತೀಯ ದಂಡ ಸಂಹಿತೆಯ 81ನೇ ಪ್ರಕರಣಕ್ಕೆ ಸಮನಾದುದು. ಸಾಧ್ಯವಾದಲ್ಲಿ ಮೊದಲೇ 112ಕ್ಕೆ ಕರೆ ಮಾಡುವುದು, ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಳ್ಳುವುದು, ವಾಹನದ ಸಂಖ್ಯೆಯನ್ನು ಬರೆದುಕೊಳ್ಳುವುದು ಹಾಗೂ ಪೊಲೀಸರು ಬರುವವರೆಗೆ ಸ್ಥಳದಲ್ಲಿಯೇ ಇರುವುದು ಉತ್ತಮ.

5. ಒಳಗೆ ಯಾರೂ ಇಲ್ಲದಿದ್ದಲ್ಲಿ ಅನುಸರಿಸಬೇಕಾದ ಕ್ರಮ

ಒಳಗೆ ಯಾರೂ ಇಲ್ಲದಿದ್ದಲ್ಲಿ ಅವಸರಕ್ಕೆ ಕಾರಣವಿರುವುದಿಲ್ಲ. ಅವಸರದಿಂದ ಮಾಡಿದ ಹಾನಿಯನ್ನು ಸರಿಪಡಿಸಲು ತಗಲುವ ವೆಚ್ಚವು ಬಾಗಿಲು ತೆರೆಸುವ ವೆಚ್ಚಕ್ಕಿಂತ ಬಹುಪಾಲು ಅಧಿಕವಾಗಿರುತ್ತದೆ.

ಮೊದಲನೆಯದಾಗಿ, ಕೀಲಿಯು ನಿಜವಾಗಿಯೂ ಒಳಗಿದೆಯೇ ಎಂಬುದನ್ನು ಗಾಜಿನ ಮೂಲಕ ನೋಡಿ ಖಚಿತಪಡಿಸಿಕೊಳ್ಳುವುದು. ಸಂಗಮದ ದಂಡೆಯಲ್ಲಿ ಬಟ್ಟೆ ಇಟ್ಟ ಸ್ಥಳ, ಪಾದರಕ್ಷೆ ಬಿಟ್ಟ ಸ್ಥಳ ಹಾಗೂ ಪೂಜಾ ಸಾಮಗ್ರಿಯ ಬುಟ್ಟಿಯನ್ನು ನೋಡುವುದು. ಕೀಲಿಯು ಕಳೆದುಹೋಗಿದ್ದಲ್ಲಿ ಅನುಸರಿಸಬೇಕಾದ ಕ್ರಮವು ಬೇರೆಯಾಗಿರುತ್ತದೆ (8ನೇ ಭಾಗವನ್ನು ನೋಡುವುದು).

ಎರಡನೆಯದಾಗಿ, ನಾಲ್ಕೂ ಬಾಗಿಲು ಹಾಗೂ ಡಿಕ್ಕಿಯನ್ನು ಪರೀಕ್ಷಿಸುವುದು. ಕೇಂದ್ರೀಕೃತ ಬೀಗವಿಲ್ಲದ ಹಳೆಯ ಕಾರುಗಳಲ್ಲಿ ಹಿಂದಿನ ಒಂದು ಬಾಗಿಲಿನ ಗುಂಡಿ ಏರಿಯೇ ಇರುವುದುಂಟು.

ಮೂರನೆಯದಾಗಿ, ಎರಡನೆಯ ಕೀಲಿಯನ್ನು ತರಿಸುವ ಸಾಧ್ಯತೆಯನ್ನು ಪರಿಶೀಲಿಸುವುದು. ಕಲಬುರಗಿಯು ಇಲ್ಲಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಸೋಲಾಪುರದ ಕಡೆಯಿಂದ ಬಂದವರ ಮನೆಯವರು ಸೋಲಾಪುರ–ವಾಡಿ ರೈಲು ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದವರೆಗೆ ರೈಲಿನಲ್ಲಿ ಬಂದು ಕೀಲಿಯನ್ನು ತಲುಪಿಸಬಹುದು. ನಿಲ್ದಾಣವು ಕ್ಷೇತ್ರದಿಂದ ಸುಮಾರು 20 ಕಿ.ಮೀ. ದೂರದಲ್ಲಿರುವುದನ್ನು ಗಮನಿಸುವುದು. ಅರ್ಧ ದಿನ ಕಾಯಬೇಕಾದರೂ ಯಾವುದೇ ಹಾನಿಯಿಲ್ಲದ ಮಾರ್ಗ ಇದೊಂದೇ.

ನಾಲ್ಕನೆಯದಾಗಿ, ವಿಮಾ ಪಾಲಿಸಿಯಲ್ಲಿ ಅಥವಾ ಕಾರು ತಯಾರಕರ ಖಾತರಿಯಲ್ಲಿ ರಸ್ತೆಬದಿ ನೆರವಿನ ಸೌಲಭ್ಯ ಇದೆಯೇ ಎಂದು ನೋಡುವುದು. ಇಂತಹ ಸೌಲಭ್ಯದಲ್ಲಿ ಕೀಲಿ ಒಳಗುಳಿದಾಗ ನೆರವು ನೀಡುವುದೂ ಸಾಮಾನ್ಯವಾಗಿ ಸೇರಿರುತ್ತದೆ. ಸಹಾಯವಾಣಿ ಸಂಖ್ಯೆಯು ಅನೇಕ ಕಾರುಗಳಲ್ಲಿ ಗಾಜಿನ ಮೇಲಿನ ಚೀಟಿಯಲ್ಲಿ ಹೊರಗಿನಿಂದಲೇ ಕಾಣುತ್ತದೆ.

ಐದನೆಯದಾಗಿ, ಮೇಲಿನ ಯಾವುದೂ ಸಾಧ್ಯವಾಗದಿದ್ದಲ್ಲಿ ಮಾತ್ರ ಕೀಲಿ ಮಾಡುವವರನ್ನು ಅಥವಾ ಅನುಭವಿ ಮೆಕ್ಯಾನಿಕರನ್ನು ಕರೆಸುವುದು.

6. ಕೀಲಿಯ ಬಗೆ ಹಾಗೂ ಅದಕ್ಕೆ ತಕ್ಕ ಪರಿಹಾರ

ಸಾದಾ ಕೀಲಿ: ಹಳೆಯ ಮಾದರಿಯ ಕಾರುಗಳಲ್ಲಿ ಕೇವಲ ಲೋಹದ ಕೀಲಿ ಇರುತ್ತದೆ. ಗುಂಡಿ ಒತ್ತಿ ಬಾಗಿಲು ದೂಡಿದಾಗ ಕೀಲಿ ಒಳಗೇ ಉಳಿಯುವುದು ಈ ಕಾರುಗಳಲ್ಲಿ ಹೆಚ್ಚು. ಇವುಗಳನ್ನು ತೆರೆಯುವುದು ಕುಶಲಕರ್ಮಿಗಳಿಗೆ ಕಷ್ಟವಲ್ಲ.

ಚಿಪ್ ಸಹಿತ ಕೀಲಿ: ಕೀಲಿಯ ಪ್ಲಾಸ್ಟಿಕ್ ಹಿಡಿಯೊಳಗೆ ಸಣ್ಣ ಚಿಪ್ ಇದ್ದು, ಅದನ್ನು ಗುರುತಿಸಿದಾಗ ಮಾತ್ರ ಎಂಜಿನ್ ಚಾಲನೆಗೊಳ್ಳುತ್ತದೆ. ಲೋಹವನ್ನು ಮಾತ್ರ ಕತ್ತರಿಸಿ ಮಾಡಿದ ಡೂಪ್ಲಿಕೇಟ್ ಕೀಲಿಯಿಂದ ಬಾಗಿಲು ತೆರೆಯುತ್ತದೆಯಾದರೂ ಕಾರು ಚಾಲನೆಯಾಗುವುದಿಲ್ಲ. ಕೀಲಿ ಒಳಗೆ ಉಳಿದಾಗ ಬಾಗಿಲು ತೆರೆದರಷ್ಟೇ ಸಾಕಾಗುವುದರಿಂದ, ಕಡಿಮೆ ವೆಚ್ಚದ ಇಂತಹ ಒಂದು ಕೀಲಿಯನ್ನು ಮೊದಲೇ ಮಾಡಿಸಿ ಕುಟುಂಬದ ಇನ್ನೊಬ್ಬ ಸದಸ್ಯರ ಬಳಿ ಇಡುವುದು ಉಪಯುಕ್ತ.

ರಿಮೋಟ್ ಕೀಲಿ: ರಿಮೋಟ್‌ನಿಂದ ಬೀಗ ತೆರೆದು, ಬಾಗಿಲನ್ನು ತೆರೆಯದೇ ಇದ್ದಲ್ಲಿ, ಅನೇಕ ಕಾರುಗಳು ಸುಮಾರು ಅರ್ಧ ನಿಮಿಷದ ನಂತರ ತಾವಾಗಿಯೇ ಪುನಃ ಬೀಗ ಹಾಕಿಕೊಳ್ಳುತ್ತವೆ. ಕೆಲವು ಮಾದರಿಗಳಲ್ಲಿ ಡಿಕ್ಕಿಯನ್ನಷ್ಟೇ ತೆರೆದು ಸಾಮಾನಿನ ಜೊತೆ ಕೀಲಿಯನ್ನಿಟ್ಟು ಮುಚ್ಚಿದಾಗಲೂ ಹೀಗೆಯೇ ಆಗುತ್ತದೆ.

ಗುಂಡಿ ಒತ್ತಿ ಚಾಲನೆ ಮಾಡುವ ಕಾರಿನ ಸ್ಮಾರ್ಟ್ ಕೀಲಿ: ಕೀಲಿ ಒಳಗಿದ್ದರೆ ಬೀಗ ಬೀಳದಂತೆ ಇವುಗಳಲ್ಲಿ ವ್ಯವಸ್ಥೆ ಇರುತ್ತದೆ. ಆದರೆ ಕೀಲಿಯ ಬ್ಯಾಟರಿ ಕ್ಷೀಣಿಸಿದ್ದಲ್ಲಿ ಕಾರು ಅದನ್ನು ಗುರುತಿಸದೇ ಇರಬಹುದು. ಕೀಲಿ ಕೈಯಲ್ಲಿಯೇ ಇದ್ದು ಬಾಗಿಲು ತೆರೆಯದಿದ್ದಲ್ಲಿ ಗಾಬರಿಯಾಗದೆ, ಕೀಲಿಯ ಒಡಲಿನಲ್ಲಿ ಅಡಗಿರುವ ಲೋಹದ ತುರ್ತು ಕೀಲಿಯನ್ನು ಹೊರತೆಗೆದು ಚಾಲಕನ ಬಾಗಿಲಿನ ಕೀಲಿರಂಧ್ರದಲ್ಲಿ ಬಳಸುವುದು. ಕೆಲವು ಮಾದರಿಗಳಲ್ಲಿ ಈ ರಂಧ್ರವು ಹಿಡಿಕೆಯ ಮುಚ್ಚಳದ ಹಿಂದೆ ಇರುತ್ತದೆ.

ಮೊಬೈಲ್ ಆ್ಯಪ್ ಸಂಪರ್ಕವಿರುವ ಕಾರು: ಹ್ಯುಂಡೈ ಸಂಸ್ಥೆಯ ಬ್ಲೂಲಿಂಕ್, ಕಿಯಾ ಸಂಸ್ಥೆಯ ಕಿಯಾ ಕನೆಕ್ಟ್ ಮುಂತಾದ ಸೇವೆಗಳಿರುವ ಮಾದರಿಗಳಲ್ಲಿ ದೂರವಾಣಿಯಿಂದಲೇ ಬಾಗಿಲು ತೆರೆಯಬಹುದು. ಇದಕ್ಕೆ ಸೇವೆಯು ಚಾಲ್ತಿಯಲ್ಲಿರಬೇಕು ಹಾಗೂ ಗುಪ್ತ ಸಂಖ್ಯೆ ನೆನಪಿನಲ್ಲಿರಬೇಕು. ದೂರವಾಣಿಯೂ ಕಾರಿನಲ್ಲಿಯೇ ಉಳಿದಿದ್ದಲ್ಲಿ ಬೇರೆ ದೂರವಾಣಿಯಿಂದ ಪ್ರವೇಶಿಸಲು ಬೇಕಾದ ಒ.ಟಿ.ಪಿ. ಒಳಗಿರುವ ದೂರವಾಣಿಗೇ ಬರುವ ಸಂಭವವಿರುವುದರಿಂದ, ಮನೆಯ ಇನ್ನೊಬ್ಬರ ದೂರವಾಣಿಯಲ್ಲಿಯೂ ಈ ಸೌಲಭ್ಯವನ್ನು ಮೊದಲೇ ನೋಂದಾಯಿಸಿಡುವುದು.

7. ಕೀಲಿ ತೆರೆಯುವವರನ್ನು ಕರೆಸುವಾಗ

ಅ) ಕೆಲಸ ಆರಂಭಿಸುವ ಮೊದಲೇ ಪ್ರಯಾಣದ ವೆಚ್ಚ ಸಹಿತ ಒಟ್ಟು ಮೊತ್ತವನ್ನು ನಿಗದಿಪಡಿಸಿಕೊಳ್ಳುವುದು.

ಆ) ಕಾರು ತಮ್ಮದೇ ಎಂಬುದಕ್ಕೆ ಗುರುತಿನ ಚೀಟಿ ಹಾಗೂ ಆರ್.ಸಿ.ಯನ್ನು ತೋರಿಸಲು ಸಿದ್ಧರಿರುವುದು. ದಾಖಲೆ ಕೇಳುವ ಕುಶಲಕರ್ಮಿಯನ್ನು ಅನುಮಾನದಿಂದ ನೋಡಬಾರದು. ಏನನ್ನೂ ಕೇಳದೆ ಯಾರ ಕಾರನ್ನಾದರೂ ತೆರೆದುಕೊಡುವವರನ್ನೇ ದೂರವಿಡುವುದು ಒಳ್ಳೆಯದು.

ಇ) ಬಾಗಿಲಿನ ಅಂಚಿನಲ್ಲಿ ಗಾಳಿ ತುಂಬುವ ಚೀಲವನ್ನು ತೂರಿಸಿ, ಸಣ್ಣ ಸಂದು ಮಾಡಿ, ಉದ್ದ ಕಂಬಿಯಿಂದ ಒಳಗಿನ ಗುಂಡಿ ಅಥವಾ ಹಿಡಿಕೆಯನ್ನು ಎಳೆಯುವ ವಿಧಾನವು ರೂಢಿಯಲ್ಲಿದೆ. ಗಾಜು ಹಾಗೂ ಬಾಗಿಲಿನ ನಡುವೆ ತಗಡಿನ ಪಟ್ಟಿಯನ್ನು ಇಳಿಸುವ ಹಳೆಯ ವಿಧಾನವನ್ನು ಹೊಸ ಕಾರುಗಳಲ್ಲಿ ಅನುಮತಿಸಬಾರದು. ಬಾಗಿಲಿನ ಒಡಲಿನಲ್ಲಿ ವಿದ್ಯುತ್ ತಂತಿಗಳು, ಗಾಜು ಏರಿಸುವ ಯಂತ್ರ ಮುಂತಾದವು ಇದ್ದು, ಅವುಗಳಿಗೆ ಹಾನಿಯಾಗುತ್ತದೆ.

ಈ) ಕೆಲಸ ಮುಗಿಯುವವರೆಗೆ ಸ್ಥಳದಲ್ಲಿಯೇ ಇದ್ದು, ಬಾಗಿಲು ತೆರೆದ ಕೂಡಲೇ ಮೊದಲು ಕೀಲಿಯನ್ನು ಕೈಗೆ ತೆಗೆದುಕೊಳ್ಳುವುದು. ಹಣ ಪಾವತಿಸಿ ರಸೀದಿ ಪಡೆಯುವುದು.

ಸಣ್ಣ ತ್ರಿಕೋನಾಕಾರದ ಗಾಜನ್ನು ಒಡೆದರೆ ಅಗ್ಗವಾಗುತ್ತದೆ ಎಂಬ ನಂಬಿಕೆ ಇದೆ. ಅನೇಕ ಕಾರುಗಳಲ್ಲಿ ಆ ಗಾಜಿನ ಬೆಲೆ ಹಾಗೂ ಅದನ್ನು ಕೂಡಿಸುವ ವೆಚ್ಚವು ದೊಡ್ಡ ಗಾಜಿಗಿಂತ ಕಡಿಮೆ ಇರುವುದಿಲ್ಲ.

8. ದಾಖಲೆಗಳಿಗೆ ಸಂಬಂಧಿಸಿದ ವಿಷಯಗಳು

ದಾಖಲೆಗಳು ಕಾರಿನಲ್ಲಿ ಉಳಿದಿದ್ದಲ್ಲಿ: ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ಚಾಲನಾ ಪರವಾನಗಿ ಹಾಗೂ ಆರ್.ಸಿ.ಗಳನ್ನು ಮೂಲ ದಾಖಲೆಗಳಿಗೆ ಸಮಾನವಾಗಿ ಪರಿಗಣಿಸುವಂತೆ 2018ರಲ್ಲಿಯೇ ಕೇಂದ್ರ ಸರ್ಕಾರವು ಸೂಚಿಸಿದೆ. ವಾಹನದ ಮಾಲೀಕತ್ವವನ್ನು ತೋರಿಸಲು ಇವುಗಳನ್ನು ಬಳಸಬಹುದು.

ಕೀಲಿಯು ಕಳೆದುಹೋಗಿದ್ದಲ್ಲಿ ಅಥವಾ ಕಳುವಾಗಿದ್ದಲ್ಲಿ: ದೇವಲ ಗಾಣಗಾಪುರ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ಕಾರನ್ನು ಅಲ್ಲಿಯೇ ಬಿಟ್ಟು ಹೋಗಬಾರದು. ಕೀಲಿ ದೊರೆತವರು ಕಾರನ್ನೂ ಪತ್ತೆಮಾಡಬಲ್ಲರು. ಹೊಸ ಕೀಲಿಗಾಗಿ ಅಧಿಕೃತ ಮಾರಾಟಗಾರರಿಗೆ ಆರ್.ಸಿ., ಗುರುತಿನ ಚೀಟಿ ಹಾಗೂ ಕೀಲಿಯ ಸಂಖ್ಯೆಯನ್ನು ಒದಗಿಸುವುದು. ಕಾರು ಖರೀದಿಸಿದಾಗ ಕೀಲಿಯೊಂದಿಗೆ ಕೊಡುವ ಸಣ್ಣ ಬಿಲ್ಲೆಯಲ್ಲಿ ಈ ಸಂಖ್ಯೆ ಇರುತ್ತದೆ. ಅದನ್ನು ಕೀಲಿಗೊಂಚಲಿನಲ್ಲಿ ಇಡದೆ ಮನೆಯಲ್ಲಿ ಜೋಪಾನವಾಗಿಡುವುದು.

ಕೀಲಿಯ ಚೀಲದೊಂದಿಗೆ ಆರ್.ಸಿ.ಯೂ ಕಳೆದಿದ್ದಲ್ಲಿ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಮೂನೆ 26ರಲ್ಲಿ ನಕಲು ಪ್ರತಿಗಾಗಿ ವಾಹನ ನೋಂದಣಿಯಾದ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಪರಿವಾಹನ್ ಜಾಲತಾಣದ ಮೂಲಕವೂ ಅರ್ಜಿ ಸಲ್ಲಿಸಬಹುದು. ಪೊಲೀಸ್ ಠಾಣೆಯ ಸ್ವೀಕೃತಿ ಹಾಗೂ ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಅಗತ್ಯ. ಕೆಎ-32 ಸಂಖ್ಯೆಯ ವಾಹನಗಳಿಗೆ ಕಲಬುರಗಿಯ ಪ್ರಾದೇಶಿಕ ಸಾರಿಗೆ ಕಚೇರಿಯು ಸಂಬಂಧಪಟ್ಟ ಕಚೇರಿಯಾಗಿದೆ. ಮಹಾರಾಷ್ಟ್ರದಲ್ಲಿ ನೋಂದಣಿಯಾದ ವಾಹನಗಳ ಮಾಲೀಕರು ಅಲ್ಲಿನ ಕಚೇರಿಗೇ ಅರ್ಜಿ ಸಲ್ಲಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಆದೇಶದ ಮೂಲಕ ಬೆಳಗಿನ ಹೊತ್ತಿಗೆ ಬದಲಿಸಲಾಗುವುದರಿಂದ, ವೇಳೆಯನ್ನು ವಿಚಾರಿಸಿಕೊಂಡು ಹೋಗುವುದು.

ವಿಮೆ: ಕೀಲಿ ಬದಲಾವಣೆಯ ವೆಚ್ಚವು ಸಾಮಾನ್ಯ ಪಾಲಿಸಿಯಲ್ಲಿ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕ ಹೆಚ್ಚುವರಿ ರಕ್ಷಣೆಯನ್ನು ಪಡೆದಿರಬೇಕು. ಕಾರು ಕಳುವಾದ ಸಂದರ್ಭದಲ್ಲಿ ವಿಮಾ ಸಂಸ್ಥೆಗಳು ಎರಡೂ ಕೀಲಿಗಳನ್ನು ಕೇಳುವುದು ರೂಢಿಯಾಗಿದೆ. ಆದ್ದರಿಂದ ಒಂದು ಕೀಲಿ ಕಳೆದಾಗಲೇ ಅದರ ದಾಖಲೆ ಮಾಡಿಸಿಟ್ಟುಕೊಳ್ಳುವುದು ಮುಂದಿನ ತೊಡಕನ್ನು ತಪ್ಪಿಸುತ್ತದೆ.

9. ಸಂಗಮ ಹಾಗೂ ದೇವಸ್ಥಾನಕ್ಕೆ ತೆರಳುವ ಮುನ್ನ

ಅ) ಮಕ್ಕಳನ್ನು ಎಣಿಸಿ ಇಳಿಸಿಕೊಳ್ಳುವುದು. ಎರಡು ಮೂರು ಕುಟುಂಬಗಳು ಒಂದೇ ವಾಹನದಲ್ಲಿ ಬಂದಾಗ ನಿದ್ದೆ ಹೋದ ಮಗು ಇನ್ನೊಬ್ಬರ ಬಳಿ ಇದೆ ಎಂದು ಪ್ರತಿಯೊಬ್ಬರೂ ಭಾವಿಸುವುದುಂಟು. ಹಿಂದಿನ ಆಸನವನ್ನು ನೋಡದೆ ಬಾಗಿಲು ಮುಚ್ಚಬಾರದು.

ಆ) ಎರಡು ನಿಮಿಷದ ಕೆಲಸವೆಂದು ಮಗುವಿನ ಕೈಗೆ ಕೀಲಿಯನ್ನು ಕೊಟ್ಟು ಇಳಿಯಬಾರದು.

ಇ) ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡ ನಂತರವೇ ಕೊನೆಯ ಬಾಗಿಲನ್ನು ಮುಚ್ಚುವುದು.

ಈ) ಸ್ನಾನಕ್ಕೆ ಇಳಿಯುವವರು ಕೀಲಿಯನ್ನು ದಂಡೆಯಲ್ಲಿರುವ ಕುಟುಂಬದ ಸದಸ್ಯರಿಗೆ ಒಪ್ಪಿಸುವುದು. ರಿಮೋಟ್ ಅಥವಾ ಸ್ಮಾರ್ಟ್ ಕೀಲಿಯು ನೀರಿಗೆ ಬಿದ್ದಲ್ಲಿ ಕೆಲಸ ಮಾಡದೇ ಇರಬಹುದು.

ಉ) ಎರಡನೆಯ ಕೀಲಿಯನ್ನು ಕಾರಿನೊಳಗಿನ ಚೀಲದಲ್ಲಿ ಇಡದೆ, ಜೊತೆಗೆ ಬಂದ ಬೇರೊಬ್ಬರ ಬಳಿ ಇಡುವುದು.

ಊ) ಮನೆಯವರ ಒಂದು ದೂರವಾಣಿ ಸಂಖ್ಯೆಯನ್ನಾದರೂ ಕಾಗದದಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳುವುದು. ದೂರವಾಣಿ ಕಾರಿನಲ್ಲಿ ಉಳಿದಾಗ ಯಾವ ಸಂಖ್ಯೆಯೂ ನೆನಪಿಗೆ ಬಾರದಿರುವುದೇ ಅನೇಕರ ಮೊದಲ ತೊಂದರೆ.

ಋ) ಎಂಜಿನ್ ಚಾಲನೆಯಲ್ಲಿಟ್ಟು ಇಳಿಯಬಾರದು. ಮೋಟಾರು ವಾಹನಗಳ ಅಧಿನಿಯಮ, 1988ರ 126ನೇ ಪ್ರಕರಣದಂತೆ, ಪರವಾನಗಿ ಹೊಂದಿದವರು ಚಾಲಕನ ಆಸನದಲ್ಲಿ ಇಲ್ಲದಿದ್ದಲ್ಲಿ, ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿ ಅಥವಾ ವಾಹನವು ತಾನಾಗಿ ಚಲಿಸದಂತೆ ಕ್ರಮ ಕೈಗೊಂಡ ಹೊರತು ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಿ ಹೋಗತಕ್ಕದ್ದಲ್ಲ.

ಊರಿನಲ್ಲಿ ಹಳೆಯ, ಬಳಕೆಯಲ್ಲಿಲ್ಲದ ಕಾರುಗಳನ್ನು ನಿಲ್ಲಿಸಿರುವವರು ಅವುಗಳಿಗೆ ಯಾವಾಗಲೂ ಬೀಗ ಹಾಕಿ, ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂದು ಕೋರಲಾಗಿದೆ. ಮಗು ಕಾಣೆಯಾದಾಗ ಬಾವಿ, ಹೊಂಡಗಳ ಜೊತೆಗೆ ಸುತ್ತಲಿನ ಎಲ್ಲಾ ಕಾರುಗಳ ಒಳಭಾಗ ಹಾಗೂ ಡಿಕ್ಕಿಯನ್ನೂ ಕೂಡಲೇ ನೋಡತಕ್ಕದ್ದು.

10. ಹೆಚ್ಚಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪೊಲೀಸರು ಬಂದು ಬಾಗಿಲು ತೆರೆದುಕೊಡುವರೇ?
ಉತ್ತರ: ಒಳಗೆ ಜೀವಾಪಾಯವಿದ್ದಲ್ಲಿ 112ಕ್ಕೆ ಕರೆ ಮಾಡುವುದು. ಯಾರೂ ಒಳಗಿಲ್ಲದಿದ್ದಲ್ಲಿ ಬಾಗಿಲು ತೆರೆಸುವ ವ್ಯವಸ್ಥೆ ಹಾಗೂ ವೆಚ್ಚವು ಮಾಲೀಕರದೇ ಆಗಿರುತ್ತದೆ.

ಪ್ರಶ್ನೆ: ಟೆನಿಸ್ ಚೆಂಡಿಗೆ ರಂಧ್ರ ಮಾಡಿ ಕೀಲಿರಂಧ್ರದ ಮೇಲೆ ಒತ್ತಿದರೆ ಬೀಗ ತೆರೆಯುವುದೇ?
ಉತ್ತರ: ಇಲ್ಲ. ಇದರಿಂದ ಸಮಯ ಮಾತ್ರ ವ್ಯರ್ಥವಾಗುತ್ತದೆ.

ಪ್ರಶ್ನೆ: ಮನೆಯಲ್ಲಿರುವವರು ದೂರವಾಣಿಯ ಮೂಲಕ ರಿಮೋಟ್ ಒತ್ತಿದರೆ ಕಾರು ತೆರೆಯುವುದೇ?
ಉತ್ತರ: ಇಲ್ಲ. ರಿಮೋಟ್ ಕಳುಹಿಸುವುದು ರೇಡಿಯೋ ತರಂಗವಾಗಿದ್ದು, ದೂರವಾಣಿಯು ಧ್ವನಿಯನ್ನು ಮಾತ್ರ ಸಾಗಿಸುತ್ತದೆ.

ಪ್ರಶ್ನೆ: ಬಾಡಿಗೆ ಕಾರಿನಲ್ಲಿ ಬಂದಿದ್ದು ಕೀಲಿ ಒಳಗುಳಿದಲ್ಲಿ ಏನು ಮಾಡಬೇಕು?
ಉತ್ತರ: ಮಾಲೀಕರಿಗೆ ತಿಳಿಸಿ ಅವರ ಒಪ್ಪಿಗೆ ಪಡೆದೇ ಬಾಗಿಲು ತೆರೆಸುವುದು. ಆದರೆ ಒಳಗೆ ಮಗು ಇದ್ದಲ್ಲಿ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ.

11. ತುರ್ತು ದೂರವಾಣಿ ಸಂಖ್ಯೆಗಳು

ಪೊಲೀಸ್, ಅಗ್ನಿಶಾಮಕ ಹಾಗೂ ಇತರೆ ತುರ್ತು ನೆರವು: 112
ಆಂಬ್ಯುಲೆನ್ಸ್ ಸೇವೆ: 108
ಮಕ್ಕಳ ಸಹಾಯವಾಣಿ: 1098
ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವು: 1033

ಒಡೆದ ಗಾಜನ್ನು ಮರುದಿನ ಹಾಕಿಸಬಹುದು. ಮಗು ಒಳಗಿರುವಾಗ ಕಳೆದ ನಿಮಿಷಗಳನ್ನು ಮರಳಿ ಪಡೆಯಲಾಗದು. ಸಾರ್ವಜನಿಕರು ಈ ಮಾಹಿತಿಯನ್ನು ತಮ್ಮ ಕುಟುಂಬದವರಿಗೂ ವಾಹನ ಚಾಲಕರಿಗೂ ತಿಳಿಸಿ ಸಹಕರಿಸಬೇಕೆಂದು ಕೋರಲಾಗಿದೆ.